ಖಾಲಿ ಡಬ್ಬಿ ತೋರಿಸಿ, ಒಳಗೆ ಬನ್ನಿ

ಸ್ವಂತ ವಿಮಾನ ಇದ್ದವನಿಗೆ ಸಾಲಿನಲ್ಲಿ ನಿಲ್ಲುವ ಗ್ರಹಚಾರ ಇಲ್ಲ. ಬೆಲ್ಟು ಬಿಚ್ಚು, ಬೂಟು ಬಿಚ್ಚು, ನೀರಿನ ಬಾಟಲಿ ಎಸೆ ಎಂದು ಗದರುವವರಿಲ್ಲ. ಕಾರು ಸೀದಾ ರೆಕ್ಕೆಯ ಬುಡಕ್ಕೇ ಬರುತ್ತದೆ. ಅವನು ಹೊರಟದ್ದೇ ಹೊತ್ತು. ಆದರೆ ಈ ಮಹಾನುಭಾವ ಆಸ್ಟ್ರೇಲಿಯಾಕ್ಕೆ ಹಾರಬೇಕೆಂದರೆ ಸೊಳ್ಳೆ ಸಾಯುವಂತೆ ವಿಮಾನದೊಳಗೆ ಕೀಟನಾಶಕ ಹೊಡೆಸಲೇಬೇಕು. ಕರುವಿನ ಚರ್ಮದ ಆಸನ, ರೇಷ್ಮೆ ದಿಂಬು, ಶೌಚಾಲಯ, ಸಾಮಾನು ಇಡುವ ಜಾಗ, ಯಾವುದಕ್ಕೂ ವಿನಾಯಿತಿ ಇಲ್ಲ. ಜಂಬೋ ಜೆಟ್ಟಿಗೂ ಅದೇ ನಿಯಮ, ಎಂಟು ಸೀಟಿನ ಖಾಸಗಿ ಜೆಟ್ಟಿಗೂ ಅದೇ.

ಅಳತೆಯೂ ಬರೆದಿಟ್ಟದ್ದೇ. ನೂರು ಘನ ಮೀಟರಿಗೆ 35 ಗ್ರಾಂ. ಪುಟ್ಟ ಜೆಟ್ಟಿಗೆ ಕೆಲವೇ ಗ್ರಾಂ ಸಾಕು. ಗಾಳಿ ಯಂತ್ರ ನಿಲ್ಲಿಸಿ ಹೊಡೆಯಬೇಕು. ಇದು ಬೇಡವೆಂದರೆ ನೆಲಹಾಸಿಗೆ, ಗೋಡೆಗೆ ಪರ್ಮೆಥ್ರಿನ್ ಬಳಿಸಿ ಪ್ರಮಾಣಪತ್ರ ಪಡೆಯಬಹುದು. ಎಂಟು ವಾರ ನಿಶ್ಚಿಂತೆ. ಎಲ್ಲಿ, ಯಾವ ದಿನ, ಎಷ್ಟು ಹೊತ್ತಿಗೆ, ಯಾವ ವಿಧಾನದಲ್ಲಿ ಹೊಡೆಯಲಾಯಿತು ಎಂದು ಬರೆದು ಸಹಿ ಹಾಕಲು ವಿಮಾನದ ಘೋಷಣಾಪತ್ರದಲ್ಲಿ ಜಾಗವೇ ಇದೆ. ಇಷ್ಟಾದ ಮೇಲೂ ಸ್ಪ್ರೇಯ ಖಾಲಿ ಡಬ್ಬಿ ಎಸೆಯುವಂತಿಲ್ಲ. ಇಳಿದ ಮೇಲೆ ಅಧಿಕಾರಿಗೆ ತೋರಿಸಬೇಕು. ಸತ್ತ ಸೊಳ್ಳೆಯನ್ನು ಯಾರೂ ಕೇಳುವುದಿಲ್ಲ. ಕೊಲೆ ಪ್ರಕರಣದಲ್ಲಿ ಹೆಣದ ಗೊಡವೆಗೇ ಹೋಗದೆ, ಖಾಲಿ ತೋಟಾ ಎಣಿಸಿ ಷರಾ ಬರೆಯುವ ತನಿಖೆ ಇದೊಂದೇ ಇರಬೇಕು.

ಸಾಹುಕಾರರಿಗೆ ಸಿಟ್ಟು ಬರುವುದು ಸಹಜ. ನಮ್ಮ ವಿಮಾನದಲ್ಲಿ ಸೊಳ್ಳೆಯೇ, ಛೆ! ಆದರೆ ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೋಗುತ್ತದೆ ಎಂಬುದು ಸೊಳ್ಳೆಗಳ ಕುಲಕ್ಕೆ ನಮಗಿಂತ ಮೊದಲೇ ಗೊತ್ತಿತ್ತು. 1930ರಲ್ಲಿ ಬ್ರೆಜಿಲಿನ ನಟಾಲ್ ಊರಲ್ಲಿ ಆಫ್ರಿಕಾದ ಅನಾಫಿಲಿಸ್ ಗ್ಯಾಂಬಿಯೆ ಎಂಬ ಮಲೇರಿಯಾ ಸೊಳ್ಳೆ ಪ್ರತ್ಯಕ್ಷವಾಯಿತು. ಡಾಕರ್‌ನಿಂದ ಅಂಚೆ ತರುತ್ತಿದ್ದ ವೇಗದ ಹಡಗಿನಲ್ಲಿ ಬಂತೋ ವಿಮಾನದಲ್ಲಿ ಬಂತೋ, ಟಿಕೆಟ್ಟಂತೂ ತೆಗೆದಿರಲಿಲ್ಲ. 1938ರ ಮಲೇರಿಯಾದಲ್ಲಿ ಸುಮಾರು 14,000 ಜನ ಸತ್ತರು. ಆ ಸೊಳ್ಳೆಯನ್ನು ಅಲ್ಲಿಂದ ನಿರ್ನಾಮ ಮಾಡಲು ಫ್ರೆಡ್ ಸೋಪರ್ ಎಂಬ ಹಠಮಾರಿ ಸಾವಿರಾರು ಜನರನ್ನು ಕಟ್ಟಿಕೊಂಡು 1940ರವರೆಗೆ ಹೆಣಗಬೇಕಾಯಿತು. 1994ರ ಬೇಸಿಗೆಯಲ್ಲಿ ಪ್ಯಾರಿಸ್ಸಿನ ಚಾರ್ಲ್ಸ್ ದ ಗಾಲ್ ವಿಮಾನ ನಿಲ್ದಾಣದ ಆಸುಪಾಸಿನವರಿಗೆ, ಆಫ್ರಿಕಾ ಕಂಡೇ ಇರದವರಿಗೂ, ಮಲೇರಿಯಾ ಹತ್ತಿತು. ಹಾಗಾಗಿ ಸಾಹುಕಾರರ ಮೂಗಿಗೆ ಸ್ವಲ್ಪ ವಾಸನೆ ತಾಗಿದರೆ ನನಗೇನೂ ಸಂಕಟವಿಲ್ಲ.

ವಾಸನೆ ತಡೆಯದ ಅಮೆರಿಕ 1979ರಲ್ಲೇ ತನ್ನ ನೆಲಕ್ಕೆ ಬರುವ ವಿಮಾನಗಳಿಗೆ ಹೊಡೆಯುವುದನ್ನು ಬಿಟ್ಟಿತು. 1994ರಲ್ಲಿ ಅಲ್ಲಿನ ಸಾರಿಗೆ ಸಚಿವ ಫೆಡರಿಕೊ ಪೆನ್ಯಾ, ಪ್ರಯಾಣಿಕರ ತಲೆ ಮೇಲೆ ಹೊಡೆಯುವ ದೇಶಗಳ ಪಟ್ಟಿ ಹಿಡಿದು ನೀವೂ ಬಿಡಿ ಎಂದರು. ಆ ದೂರಿನಲ್ಲಿ ಹುರುಳಿತ್ತು. ಜನ ಕೂತಿರುವಾಗ ಹೊಡೆಯುವುದಕ್ಕಿಂತ ಅವರು ಹತ್ತುವ ಮುಂಚೆ ಹೊಡೆಯುವುದು ವಾಸಿ. ಖಾಸಗಿ ವಿಮಾನದಲ್ಲಂತೂ ಅದು ಇನ್ನೂ ಸಲೀಸು. ಯಜಮಾನರನ್ನು ಹತ್ತು ನಿಮಿಷ ಹೊರಗೆ ನಿಲ್ಲಿಸಿದರಾಯಿತು. ಆದರೆ ನಿಲ್ಲಿಸುವವರು ಯಾರು?

ಯಜಮಾನರ ಸ್ವಭಾವ ಎಂಥದೆಂದು ಆಸ್ಟ್ರೇಲಿಯಾಕ್ಕೆ 2015ರಲ್ಲಿ ಗೊತ್ತಾಯಿತು. ನಟ ಜಾನಿ ಡೆಪ್ ದಂಪತಿ ಖಾಸಗಿ ಜೆಟ್ಟಿನಲ್ಲಿ ಪಿಸ್ಟಲ್, ಬೂ ಎಂಬ ಎರಡು ನಾಯಿಮರಿಗಳನ್ನು ಹೇಳದೆ ಕೇಳದೆ ಇಳಿಸಿಕೊಂಡಿದ್ದರು. ಕೂದಲು ಕತ್ತರಿಸಲು ಕರೆದೊಯ್ದ ಅಂಗಡಿಯ ಫೋಟೋದಿಂದ ಗುಟ್ಟು ಬಯಲಾಯಿತು. ಐವತ್ತು ಗಂಟೆಯೊಳಗೆ ನಾಯಿಗಳನ್ನು ವಾಪಸ್ ಕಳಿಸದಿದ್ದರೆ ಕೊಲ್ಲಿಸುತ್ತೇವೆ ಎಂದು ಕೃಷಿ ಸಚಿವ ಬಾರ್ನಬಿ ಜಾಯ್ಸ್ ಗುಡುಗಿದರು. ಮರು ವರ್ಷ ಡೆಪ್‌ರ ಆಗಿನ ಪತ್ನಿ ಆಂಬರ್ ಹರ್ಡ್ ಕೋರ್ಟಿನಲ್ಲಿ ಸುಳ್ಳು ಘೋಷಣೆಯ ತಪ್ಪೊಪ್ಪಿಕೊಂಡರು. ಒಂದು ತಿಂಗಳ ಸನ್ನಡತೆಯ ಮುಚ್ಚಳಿಕೆಯಲ್ಲಿ ಪ್ರಕರಣ ಮುಗಿಯಿತು. ಬೊಗಳುವ ಎರಡು ಪ್ರಾಣಿಗಳೇ ಕಣ್ತಪ್ಪಿಸಿ ಒಳಗೆ ಹೋದ ಮೇಲೆ, ಗುಂಯ್ ಎನ್ನುವುದು ಯಾವ ಲೆಕ್ಕ?

ನಮ್ಮಲ್ಲೂ 1954ರ ವಿಮಾನ ಸಾರ್ವಜನಿಕ ಆರೋಗ್ಯ ನಿಯಮಗಳಿವೆ. ಹಳದಿ ಜ್ವರದ ದೇಶಗಳಿಂದ ಬರುವ ವಿಮಾನಗಳ ಮೇಲೆ ಕಣ್ಣಿಡುತ್ತೇವೆ. ಅಂಥದೊಂದು ದೇಶವಾದ ಇಥಿಯೋಪಿಯಾದ ಆಡಿಸ್ ಅಬಾಬದಿಂದ ಬೆಂಗಳೂರಿಗೆ ನೇರ ವಿಮಾನವೇ ಇದೆ. ಭಾರತಕ್ಕೆ ಈ ಜ್ವರ ಇನ್ನೂ ಕಾಲಿಟ್ಟಿಲ್ಲ, ಪುಣ್ಯ. ಆದರೆ ಅದನ್ನು ಹರಡಬಲ್ಲ ಈಡಿಸ್ ಈಜಿಪ್ಟಿ ಸೊಳ್ಳೆ ನಮ್ಮ ಹೂಕುಂಡದ ತಟ್ಟೆಯಲ್ಲಿ, ಹಳೇ ಟೈರಿನಲ್ಲಿ ಬಾಣಂತನ ಮಾಡಿಸಿಕೊಂಡು ಸುಖವಾಗಿದೆ. ಸದ್ಯಕ್ಕೆ ಡೆಂಗಿ ಹಂಚುವ ಉದ್ಯೋಗ. ವಿದೇಶಿ ಸೊಳ್ಳೆಗೆ ಬಾಗಿಲಲ್ಲೇ ಸ್ಪ್ರೇ, ಸ್ವದೇಶಿಗೆ ಸಕಲ ಸೌಕರ್ಯ!

ಇದನ್ನು ಸರಿಪಡಿಸಲೆಂದೇ 2024ರಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಸಾರಿ, ಸೊಳ್ಳೆ ಸಾಕುವ ಮನೆಗಳಿಗೆ ದಂಡ ಗೊತ್ತುಮಾಡಿತು. ನಗರದಲ್ಲಾದರೆ 400 ರೂಪಾಯಿ, ಹಳ್ಳಿಯಲ್ಲಾದರೆ 200. ಹಳ್ಳಿಯ ಸೊಳ್ಳೆ ಅರ್ಧ ಮಾತ್ರ ಕಚ್ಚುತ್ತದೋ ಏನೋ. ಜೆಟ್ಟಿನ ಧಣಿಗಳು ದಯವಿಟ್ಟು ಗಮನಿಸಿ, ನಿಮ್ಮ ಫಾರ್ಮ್ ಹೌಸ್ ಪಂಚಾಯಿತಿ ವ್ಯಾಪ್ತಿಯಲ್ಲಿದ್ದರೆ ಕಾರಂಜಿ ಕೊಳದ ಸಮೇತ 200ರಲ್ಲೇ ಮುಗಿಯುತ್ತದೆ.