ಬದುಕಿದ್ದೀನಿ ಅಂತ ಬೆರಳು ಒಪ್ತಿಲ್ಲ!

ಜಗಲಿಯಲ್ಲಿ ಕೂತು ಮಾವ ಹೆಬ್ಬೆರಳಿಗೆ ಕೊಬ್ಬರಿ ಎಣ್ಣೆ ತಿಕ್ಕುತ್ತಿದ್ದರು.

"ಏನ್ ಮಾವ, ಪೆಟ್ಟಾಯ್ತಾ?"

"ಇಲ್ಲಪ್ಪ. ಲೇತ್ ಹಿಡಿದೂ ಹಿಡಿದೂ ಗೆರೆಯೆಲ್ಲ ಸವೆದುಹೋಗಿದೆ. ಪಿಂಚಣಿಗೆ ಬೇಕಾದ ಜೀವಂತ ಪ್ರಮಾಣಪತ್ರದ ಜೀವನ್ ಪ್ರಮಾಣ್ ಯಂತ್ರಕ್ಕೆ ನಾನು ಬದುಕಿರೋದೇ ಗೊತ್ತಾಗ್ತಿಲ್ಲ."

"ಮೊಬೈಲಲ್ಲಿ ಮುಖ ತೋರಿಸಿದ್ರೂ ಆಗುತ್ತಲ್ಲ?"

"ತೋರಿಸಿದೆ. ಕಣ್ಣು ಮಿಟುಕಿಸಿ ಅಂತು, ಮಿಟುಕಿಸಿದೆ. ನಿಮ್ಮತ್ತೆ, ಯಾರಿಗೆ ಅಂತ ಕೇಳಿದಳು."

"ಪಿಂಚಣಿ ಎಷ್ಟು ಬರುತ್ತೆ?"

"ಪಿಎಫ್ ಕಟ್ಟಿದ್ದು ಹತ್ತೇ ವರ್ಷ. ಇಪಿಎಸ್-95ರ ಲೆಕ್ಕ ಹೀಗೆ: ಸಂಬಳ 6,500, ಅದನ್ನ ಹತ್ತರಿಂದ ಗುಣಿಸು, ಎಪ್ಪತ್ತರಿಂದ ಭಾಗಿಸು. 928 ರೂಪಾಯಿ. ಕನಿಷ್ಠ ಸಾವಿರ ಅಂತ 2014ರಲ್ಲಿ ಮಾಡಿದ್ರಲ್ಲ, ಹಾಗಾಗಿ ಮೇಲೆ 72 ರೂಪಾಯಿ ಬಂಪರ್! ತೊಗರಿಬೇಳೆ ಮಾತ್ರ 2014ರಲ್ಲೇ ನಿಲ್ಲಲಿಲ್ಲ."

"ಹಿರಿಯ ನಾಗರಿಕರ ಉಳಿತಾಯ ಯೋಜನೇಲಿ ಹಾಕಿ ಮಾವ, ಒಳ್ಳೆ ಬಡ್ಡಿ. 30 ಲಕ್ಷ ಮಿತಿ."

"ಆ ಮಿತಿ ಎಲ್ಲಿ ಮೀರಿಬಿಡ್ತೀನೋ ಅಂತಾನೇ ಹೆದರಿಕೆ. ನಿಮ್ಮದೇನು ಅಳಿಯಂದಿರೇ?"

"ನಂದು ಪಕ್ಕಾ ಪ್ಲಾನ್. ನಲವತ್ತೈದಕ್ಕೇ ರಿಟೈರ್!"

"ಗೃಹಸಾಲ?"

"ಅದು... ಅರವತ್ತೆರಡರ ತನಕ ಇದೆ."

ಮಾವ ಎಣ್ಣೆ ಬಟ್ಟಲನ್ನು ಮೆಲ್ಲಗೆ ಅಳಿಯನ ಕಡೆ ಸರಿಸಿದರು. ಕೀಬೋರ್ಡ್ ಕುಟ್ಟುವ ಬೆರಳೂ ಸವೆಯುತ್ತದಲ್ಲವೇ?

ಅಂದಹಾಗೆ, ಇಪಿಎಸ್ ಪಿಂಚಣಿದಾರರು ನವೆಂಬರಿಗೇ ಕಾಯಬೇಕಿಲ್ಲ. ಜೀವಂತ ಪ್ರಮಾಣಪತ್ರವನ್ನು ಯಾವ ತಿಂಗಳಲ್ಲಾದರೂ ಕೊಡಬಹುದು. ಕೊಟ್ಟ ದಿನದಿಂದ ಒಂದು ವರ್ಷ ನೀವು ಬದುಕಿದ್ದೀರಿ.