‘ಡೈರಿಗೆ ತಾನೆ ಹೋಗೋದು!’: ಸಾಸಲಿನ ಎಕ್ಸೆಲ್ಲಪ್ಪನವರ ಸಂದರ್ಶನ

ದೊಡ್ಡಬಳ್ಳಾಪುರ ತಾಲ್ಲೂಕಿನ ಸಾಸಲು. ಬೆಳಿಗ್ಗೆ ಆರೂವರೆ. ಹಾಲಿನ ಡೈರಿ ಮುಂದೆ ಟಿವಿಎಸ್ ಎಕ್ಸ್‌ಎಲ್ 100 ಒಂದು ಸ್ಟ್ಯಾಂಡ್ ಹಾಕಿಕೊಂಡು ನಿಂತಿತ್ತು. ಕಾಲಿಡುವ ಜಾಗದಲ್ಲಿ ಬೂಸಾ ಮೂಟೆ, ಹಿಂದೆ ಕ್ಯಾನು ಕಟ್ಟುವ ಟ್ಯೂಬು. ಒಂಬತ್ತನೇ ಕ್ಲಾಸಿನ ಸವಾರ ಒಳಗೆ ಹಾಲು ಅಳೆಸುತ್ತಿದ್ದ. ಸಿಕ್ಕಿದ್ದೇ ಸಮಯ ಎಂದು ಗಾಡಿಯನ್ನೇ ಮಾತಿಗೆಳೆದೆವು.

ಪ್ರಶ್ನೆ: ಎಕ್ಸೆಲ್ಲಪ್ಪನವರೇ, ತಮ್ಮ ಮನೆತನದ ಬಗ್ಗೆ ಒಂದೆರಡು ಮಾತು?

ಎಕ್ಸೆಲ್ಲಪ್ಪ: ನಮ್ಮಜ್ಜ ಟಿವಿಎಸ್ 50, ಸ್ವಾಮಿ. 1980ರಲ್ಲಿ ಬಂದೋನು, ಹೊಸೂರು ಕಡೆಯೋನು. ಹೆಸರಲ್ಲೇ ಐತಲ್ಲ, ಐವತ್ತು ಸಿಸಿ. ನಂದು 99.7. ಈ ಲೆಕ್ಕ ನೆಪ್ಪಿಟ್ಕಳಿ, ಮುಂದಕ್ಕೆ ಬೇಕಾಯ್ತದೆ.

ಪ್ರಶ್ನೆ: ನಿಮ್ಮನ್ನು ಓಡಿಸೋರು ಯಾರು?

ಎಕ್ಸೆಲ್ಲಪ್ಪ: ಆರ್‌ಸಿಯಲ್ಲಿ ಯಜಮಾನ್ರ ಹೆಸರೈತೆ. ಅವರು ಹತ್ತೋದು ಮದುವೆ, ತಿಥಿ, ತಾಲ್ಲೂಕು ಆಫೀಸಿಗೆ. ಮಿಕ್ಕಿದ್ದೆಲ್ಲ ಚಿಕ್ಕೋನ ಡ್ಯೂಟಿ. ಹದಿನಾಲ್ಕು ವರ್ಷ. ಸೀಟಿನ ಮೇಲೆ ಕೂತ್ರೆ ಕಾಲು ನೆಲಕ್ಕೆ ಎಟುಕ್ತವೆ. ನಮ್ಮೂರಲ್ಲಿ ಲೈಸೆನ್ಸು ಅಂದ್ರೆ ಅದೇಯ.

ಪ್ರಶ್ನೆ: ಗೇರ್ ಇಲ್ಲದ ಗಾಡಿಗೆ ವಯಸ್ಸಿನ ರಿಯಾಯಿತಿ ಇದೆಯಂತಲ್ಲ?

ಎಕ್ಸೆಲ್ಲಪ್ಪ: ಐತೆ, ನಮ್ಮಜ್ಜಂಗೆ! ಹದಿನಾರು ತುಂಬಿದೋರು ಓಡಿಸ್ಬೋದು ಅಂತ 1988ರ ಮೋಟಾರು ವಾಹನ ಕಾಯ್ದೆ ಹೇಳಿರೋದು ಐವತ್ತು ಸಿಸಿ ಮೀರದ ಗಾಡಿಗೆ. ಅದಕ್ಕೂ ಲೈಸೆನ್ಸ್ ಬೇಕು. ನನ್ನ ಮೇಲೆ ಕೂರೋಕೆ ಬುಲೆಟ್ಟಿಗೆ ಬೇಕಾದಷ್ಟೇ ವಯಸ್ಸಾಗಿರ್ಬೇಕು, ಹದಿನೆಂಟು. ಹುಲ್ಲು ಹೊರೆ ಹೊರ್ತೀನಿ ಅಂತ ಜನ ನನ್ನನ್ನ ಗಾಡಿ ಲೆಕ್ಕಕ್ಕೇ ತಗೊಳಲ್ಲ.

ಪ್ರಶ್ನೆ: ಹುಡುಗ ಪೊಲೀಸರ ಕೈಗೆ ಸಿಕ್ಕರೆ?

ಎಕ್ಸೆಲ್ಲಪ್ಪ: ಹುಡುಗನ ಕಥೆ ಆಮೇಲೆ, ಮೊದಲು ಅವರಪ್ಪಂದು. 2019ರ ತಿದ್ದುಪಡಿ ಪ್ರಕಾರ ಮಕ್ಕಳ ಕೈಗೆ ಗಾಡಿ ಕೊಟ್ಟೋರಿಗೆ 25 ಸಾವಿರ ದಂಡ, ಮೂರು ವರ್ಷದವರೆಗೂ ಜೈಲು. ನನ್ನ ನೋಂದಣಿ 12 ತಿಂಗಳು ರದ್ದು. ಚಿಕ್ಕೋನಿಗೆ 25 ವರ್ಷ ತುಂಬೋವರೆಗೂ ಲೈಸೆನ್ಸಿಲ್ಲ. ‘ನಂಗೆ ಗೊತ್ತಿಲ್ದಂಗೆ ತಗಂಡೋದ’ ಅಂತ ಅಪ್ಪ ಅನ್ಬೋದು, ಆದ್ರೆ ರುಜುವಾತು ಮಾಡೋ ಹೊಣೆ ಅಪ್ಪಂದೇ. ದಿನಾ ಬೆಳಿಗ್ಗೆ ಕ್ಯಾನು ಕಟ್ಟಿ ಕಳಿಸೋರು ಅವರೇಯ. ಜಡ್ಜಿನ ಮುಂದೆ ಏನಂತ ಹೇಳ್ತಾರೋ, ನಂಗೂ ಕೇಳೋ ಆಸೆ.

ಪ್ರಶ್ನೆ: ಹೆಲ್ಮೆಟ್ ಇಲ್ಲವೇ?

ಎಕ್ಸೆಲ್ಲಪ್ಪ: ಐತೆ, ಹ್ಯಾಂಡಲ್ಲಿಗೆ ನೇತಾಕವ್ರೆ, ನೋಡಿ. ನೆನ್ನೆ ಅದರೊಳಗೆ ಅಂಗಡಿಯಿಂದ ಹನ್ನೆರಡು ಮೊಟ್ಟೆ ತಂದ್ರು. ಒಂದೂ ಒಡೀಲಿಲ್ಲ.

ಪ್ರಶ್ನೆ: ಆದರೂ ಡೈರಿಗೆ ತಾನೆ ಹೋಗೋದು? ಊರೊಳಗೆ ಏನಾಗುತ್ತೆ?

ಎಕ್ಸೆಲ್ಲಪ್ಪ: ಯಜಮಾನ್ರೂ ದಿನಾ ಇದನ್ನೇ ಅಂತಾರೆ. ಊರೊಳಗೆ ಪೊಲೀಸಿಲ್ದಿದ್ರೆ ಏನಂತೆ, ರಾಗಿ ಐತಲ್ಲ! ಸುಗ್ಗಿ ಬಂದ್ರೆ ಟಾರು ರೋಡೇ ಕಣ. ಬಸ್ಸು, ಲಾರಿ ತುಳ್ಕಂಡು ಹೋಯ್ತವೆ, ಒಕ್ಕಣೆ ಪುಕ್ಕಟೆ. ಹುಲ್ಲಿನಡಿ ಕಾಳು ಉದುರಿರ್ತವೆ. ಅದರ ಮೇಲೆ ಬ್ರೇಕ್ ಹಿಡಿದ್ರೆ ಚಕ್ರ ನಿಲ್ತದೆ, ಗಾಡಿ ನಿಲ್ಲಲ್ಲ. ದೂರದಿಂದ್ಲೇ ನಿಧಾನ ಮಾಡಿ, ಹ್ಯಾಂಡಲ್ ನೆಟ್ಟಗಿಟ್ಟು, ಬ್ರೇಕ್ ಮುಟ್ಟದೆ ದಾಟ್ಬೇಕು. ಈ ಮಾತು ಹೇಳ್ಕೊಡೋರು ಯಾರು? ಹೋದ ಸುಗ್ಗೀಲಿ ಚಿಕ್ಕೋನು ಹೆದರಿ ಎರಡೂ ಬ್ರೇಕ್ ಒಟ್ಟಿಗೆ ಅಮುಕ್ದ. ಕ್ಯಾನಲ್ಲಿ ಹಾಲು ಒಂದ್ಕಡೆ ತುಳುಕ್ತು, ನಾನು ಇನ್ನೊಂದ್ಕಡೆ ಮಲಗ್ದೆ. ಅವನ ಮೊಣಕೈ ಚರ್ಮ ಸುಲಿದೋಯ್ತು. ಮನೆಗೆ ಹೋದ್ರೆ ಮೊದಲು ಕೇಳಿದ್ದೇನು ಗೊತ್ತಾ? ‘ಎಷ್ಟು ಹಾಲು ಚೆಲ್ಲಿದೆಯೋ?’

ಪ್ರಶ್ನೆ: ವೀಲಿಂಗ್ ಹುಡುಗರ ಬಗ್ಗೆ ನಿಮ್ಮ ಅಭಿಪ್ರಾಯ?

ಎಕ್ಸೆಲ್ಲಪ್ಪ: 2024ರ ಆಗಸ್ಟ್ 15ರಂದು ನೆಲಮಂಗಲದ ಹತ್ರ ತುಮಕೂರು ಹೆದ್ದಾರೀಲಿ ವೀಲಿಂಗ್ ಮಾಡ್ತಿದ್ದೋರ ಮೇಲೆ ರೇಗಿ, ಜನ ಎರಡು ಸ್ಕೂಟರ್ ಎತ್ತಿ ಫ್ಲೈಓವರಿಂದ ಕೆಳಕ್ಕೆ ಎಸೆದ್ರು. ತಪ್ಪು ಮಾಡಿದೋರು ಮೇಲೆ, ಗಾಡಿಗಳು ಕೆಳಗೆ. ನಮ್ಮ ಸಂಘದಿಂದ ಖಂಡನೆ ಐತೆ. ಆ ವಿಡಿಯೊ ನೋಡ್ಕಂಡು ನಮ್ಮ ಯಜಮಾನ್ರು ಕಟ್ಟೆ ಮೇಲೆ ಕೂತು ‘ಅಪ್ಪ ಅಮ್ಮ ಹದ್ದುಬಸ್ತಲ್ಲಿಟ್ಟಿಲ್ಲ’ ಅಂತ ಬೈದಿದ್ದೇ ಬೈದಿದ್ದು. ಆಗ ಚಿಕ್ಕೋನು ನನ್ನ ಮೇಲೆ ಇಬ್ರನ್ನ ಕೂರಿಸ್ಕಂಡು ಬೀಡಿ ತರೋಕೆ ಹೋಗಿದ್ದ. ಯಾರಿಗೆ ಅಂತೀರಾ? ಯಜಮಾನ್ರಿಗೇ. ಒಂದು ಚಕ್ರದ ಮೇಲೆ ಓಡಿಸೋನು ಪುಂಡ, ಎರಡು ಚಕ್ರದ ಮೇಲೆ ಕ್ಯಾನು ಹೊರೋನು ಮನೆಗಾದ ಮಗ. ಇಬ್ರ ಹತ್ರಾನೂ ಲೈಸೆನ್ಸಿಲ್ಲ.

ಪ್ರಶ್ನೆ: ಇನ್ಷೂರೆನ್ಸ್ ಇದೆಯಲ್ಲ, ಧೈರ್ಯಕ್ಕೆ?

ಎಕ್ಸೆಲ್ಲಪ್ಪ: ಎದುರಿನೋರಿಗೆ ಏಟಾದ್ರೆ ಕೋರ್ಟು ಕಂಪನಿ ಕೈಲಿ ಪರಿಹಾರ ಕೊಡಿಸ್ಬೋದು. ಲೈಸೆನ್ಸ್ ಇಲ್ದೋನು ಓಡಿಸ್ತಿದ್ದ ಅಂತಾದ್ರೆ, ಆ ದುಡ್ಡನ್ನ ಮಾಲೀಕನಿಂದ ವಸೂಲಿ ಮಾಡ್ಕಳಿ ಅಂತಾನೂ ಹೇಳ್ತದೆ. ನನ್ನನ್ನ ಗುಜರಿಗೆ ಹಾಕಿದ್ರೆ ತೀರೋ ಸಾಲ ಅಲ್ಲ ಅದು. ಜಮೀನಿನ ಪಹಣಿ ಹುಡುಕ್ಬೇಕಾಯ್ತದೆ.

ಪ್ರಶ್ನೆ: ಕೊನೆಯದಾಗಿ ಓದುಗರಿಗೆ ಏನು ಹೇಳ್ತೀರಿ?

ಎಕ್ಸೆಲ್ಲಪ್ಪ: ಚಿಕ್ಕೋನ ಅಕ್ಕ ಎಂಟನೇ ಕ್ಲಾಸಲ್ಲಿದ್ದಾಗ ಸರ್ಕಾರ ಕೊಟ್ಟ ಸೈಕಲ್ಲು ಕೊಟ್ಟಿಗೇಲಿ ತುಕ್ಕು ಹಿಡೀತಾ ಐತೆ, ಚಿಕ್ಕೋನಿಗೆ ಅದನ್ನ ರಿಪೇರಿ ಮಾಡಿಸಿಕೊಡಿ ಅಂತ ಬರೀರಿ. ಇನ್ನು ಕ್ಯಾನು ತರೋದು ಯಜಮಾನ್ರೇ ತರ್ಲಿ. ಹಾಲಿನ ದುಡ್ಡು ಬೀಳೋದೂ ಅವರ ಅಕೌಂಟಿಗೇ.