ಮಣೆಗೆ ಚೊಗರಿನ ಅಭ್ಯಂಜನ

ಅಡಿಕೆ ಸೀಮೆಯಲ್ಲಿ ಚೊಗರಿನ ಕರೆ ಹತ್ತದ ಪಂಚೆ ಕಂಡರೆ, ಅದು ಇನ್ನೂ ಅಂಗಡಿಯಿಂದ ಮನೆಗೆ ಬಂದಿಲ್ಲ ಎಂದೇ ತಿಳಿಯಬೇಕು. ಹಸಿ ಅಡಿಕೆ ಬೇಯಿಸಿದ ಹಂಡೆಯಲ್ಲಿ ಉಳಿಯುವ ಈ ಕೆಂಗಂದು ರಸ ಸೋಪಿಗೆ ಬಗ್ಗದು, ನಿಂಬೆಹುಳಿಗೆ ಜಗ್ಗದು. ಇಂಥ ಹಟಮಾರಿ ಬಣ್ಣವನ್ನು ತೊಳೆಯಲು ಜನ್ಮವಿಡೀ ಹೆಣಗುವ ನಾವು, ಮರಕ್ಕೆ ಬಣ್ಣ ಬೇಕಾದಾಗ ಪೇಟೆಗೆ ಓಡಿ ಡಬ್ಬಿ ತರುತ್ತೇವೆ. ಹೆಗ್ಗೋಡಿನ ಚರಕ ಸಂಸ್ಥೆಯವರು ಇದೇ ಚೊಗರಿನಿಂದ ಕೈಮಗ್ಗದ ಬಟ್ಟೆಗೆ ಬಣ್ಣ ಕಟ್ಟುತ್ತಾರೆ. ಬಟ್ಟೆಗೆ ಆಗುವುದು ಮಣೆಗೆ ಆಗದೇ?

ವಿಷಯ ಕೇಳಿದ ಮರಗೆಲಸದ ಆಚಾರ್ರು ಮೊದಲು ವಿಚಾರಿಸಿದ್ದು ಮರ ಯಾವುದೆಂದು. "ಹಲಸಾದ್ರೆ ಮುಟ್ಬೇಡಿ ಮಾರಾಯ್ರೇ, ಬಿಟ್ರೆ ತಾನೇ ಕೆಂಪಾಗ್ತದೆ." ನಿಜ, ಹಳದಿ ಹಲಸಿನ ಹಲಗೆ ಗಾಳಿ ಬೆಳಕಿಗೆ ತಾನಾಗಿ ಮಾಗುತ್ತದೆ. ನನ್ನದು ಬಿಳಿಚಿಕೊಂಡ ಮಾವು. ಅತ್ತೆ ಅರಿಸಿನ ಹಚ್ಚು ಎಂದರು. ಅರಿಸಿನ ಬಿಸಿಲಿಗೆ ಮಾಸುತ್ತದೆ. ಆರತಿಗೆ ಸಾಕು, ಮಣೆಯ ಆಯುಷ್ಯಕ್ಕೆ ಸಾಲದು.

ಚೊಗರನ್ನು ಸೋಸಿ ಬೆಚ್ಚಗೆ ಬಳಿದರೆ ಮಾವು ಕಂದಾಗುತ್ತದೆ. ನೀರು ಕುಡಿದ ಎಳೆಗಳು ಮುಳ್ಳೇಳುತ್ತವೆ. ಒಣಗಿದ ಮೇಲೆ ಪಾಲಿಶ್ ಪೇಪರಿನಿಂದ ಸವರಬೇಕು.

ಸೊಗಸಿರುವುದು ಕಪ್ಪಿನಲ್ಲಿ. ಅಡಿಕೆ ಸುಲಿಯುವವರ ಹೆಬ್ಬೆರಳು ಕರ್ರಗಾಗುವುದು ಕಾಯಿಯ ಟ್ಯಾನಿನ್ ಮೆಟ್ಟುಗತ್ತಿಯ ಕಬ್ಬಿಣವನ್ನು ಕೂಡಿಕೊಂಡದ್ದರಿಂದ. ಹಿಂದಿನವರು ಅಣಲೆಕಾಯಿ, ಕಬ್ಬಿಣ ಸೇರಿಸಿ ಶಾಯಿ ಮಾಡಿದ್ದೂ, ಶ್ರೀಕಾಳಹಸ್ತಿಯ ಕಲಂಕಾರಿಯವರು ಬೆಲ್ಲದ ನೀರಿನಲ್ಲಿ ತುಕ್ಕು ಕಬ್ಬಿಣ ಹುಳಿಸಿ ಕಪ್ಪುಗೆರೆ ಎಳೆಯುವುದೂ ಇದೇ ನಂಟಿನ ಬಲದಿಂದ. ನಾನು ವಿನೆಗರಿನಲ್ಲಿ ತುಕ್ಕು ಮೊಳೆ ನೆನೆಹಾಕಿದೆ. ಶೀಶೆಯ ಮುಚ್ಚಳ ಬಿಗಿದರೆ ಒಳಗೆ ಅನಿಲ ತುಂಬುತ್ತದೆ. ಅಡುಗೆಮನೆಯಲ್ಲಿಟ್ಟರೆ ಹೊರಗೆ ಜಗಳ.

ಚೊಗರು ಒಣಗಿದ ಹಲಗೆಯ ಮೇಲೆ ಈ ನೀರೆಳೆದಾಗ ಮೊದಲು ಏನೂ ಕಾಣದು. ಕುಂಚ ಆ ತುದಿ ಮುಟ್ಟುವಷ್ಟರಲ್ಲಿ ಈ ತುದಿ ಬೂದಿಗೆ ತಿರುಗಿರುತ್ತದೆ, ಆಮೇಲೆ ಕರ್ರಗೆ. ಚೊಗರು ತಾಗದ ಚುಕ್ಕೆಯೊಂದು ಮಾತ್ರ ಬೆಳ್ಳಗೆ ಉಳಿದು, ಬಳಿದವರ ಶ್ರದ್ಧೆಯ ಲೆಕ್ಕ ಒಪ್ಪಿಸುತ್ತದೆ. ಕೊನೆಗೆ ಅಗಸೆ ಎಣ್ಣೆ. ಅದನ್ನು ಒರೆಸಿದ ಬಟ್ಟೆಯನ್ನು ಮುದ್ದೆಮಾಡಿ ಎಸೆಯದೆ ಹರವಿ ಒಣಗಿಸಬೇಕು, ಇಲ್ಲದಿದ್ದರೆ ತನ್ನಷ್ಟಕ್ಕೇ ಹೊತ್ತಿಕೊಂಡೀತು. ಬಣ್ಣದ ಹುಚ್ಚಿಗೆ ಕೊಟ್ಟಿಗೆ ಸುಡಬೇಕಾಗಿಲ್ಲ.

ಆಚಾರ್ರು ಬಂದು ಮಣೆಯನ್ನು ಉಗುರಿನಿಂದ ಕೆರೆದರು, ಮೂಸಿದರು. "ಬೀಟೆ ಅಂತ ಮಾರ್ಬಹುದು," ಎಂದರು. ನಾನು ಹಿಗ್ಗುವಷ್ಟು ಹೊತ್ತು ಕಾದು, "ಗಿರಾಕಿ ರಾತ್ರಿ ಬಂದ್ರೆ," ಎಂದು ಎಲೆಯಡಿಕೆ ತಟ್ಟೆ ಹತ್ತಿರಕ್ಕೆಳೆದುಕೊಂಡರು.